ಎಲ್ಯಾಗ ಸುತ್ತಿದ ಕೋಳಿ ಖೀಮಾ, ಹೆಂಚಿನ ಮುಂದ ನಿಂತಾಕಿ

ಕೋಳಿ ಮಾಡಿದ ದಿನ ಮನ್ಯಾಗ ಎಲ್ಲಾರಕಿಂತ ಕಡೀಕ ಉಣ್ಣಾಕಿ ಯಾರು? ಉತ್ತರ ನಾ ಹೇಳೂದ ಬ್ಯಾಡ, ನಿಮ್ಮೆಲ್ಲಾರಿಗೂ ಗೊತ್ತೈತಿ. ರೊಟ್ಟಿ ಬಿಸಿ ಇರಬೇಕು, ಹೆಂಚಿನಿಂದ ಇಳದದ್ದು ನೆಟ್ಟಗ ಗಂಗಾಳಕ್ಕ ಬೀಳಬೇಕು. ಒಬ್ಬರದು ಮುಗೀತು ಅನ್ನೂದರಾಗ ಇನ್ನೊಬ್ಬರು ಕೈ ತೊಳಕೊಂಡು ಬಂದು ಕೂಡತಾರ. ಕಡೀಕ ಆಕಿ ಒಲಿ ಆರಿಸಿ, ಹಿಟ್ಟಿನ ಪರಾತ ತೊಳದು, ತನ್ನ ಗಂಗಾಳ ಹಾಕ್ಕೊಂಡು ಕೂತಾಗ ಬೋಗೋಣ್ಯಾಗ ಎಸರು ಇರತೈತಿ, ಕುತಗಿ ತುಂಡು ಇರತೈತಿ, ಅದೃಷ್ಟ ಇದ್ರ ಒಂದ ರೆಕ್ಕಿ ಇರತೈತಿ.

ಅದಕ್ಕ ನನ್ನ ಅಭಿಪ್ರಾಯ ಸುತ್ತು ಬಳಸದ ಹೇಳತೇನಿ. ಹದಿನೈದ ದಿನಕ್ಕೊಮ್ಮೆಯಾದ್ರೂ ರೊಟ್ಟಿ ಬಡಿಯದ, ಎಸರು ಕುದಿಸದ, ಕೋಳಿ ಖೀಮಾ ಒಣ ಒಣ ಹುರದು, ಹಸಿ ಎಲ್ಯಾಗ ಸುತಗೊಂಡು ತಿನ್ನೂ ಊಟ ನಮ್ಮ ಮನಿಗೋಳಾಗ ಆಗಬೇಕು. ಹೊಟೇಲಿನ ಪಟ್ಟಿಯೊಳಗ ಇದಕ್ಕ ಚಿಕನ್ ಲೆಟಿಸ್ ರ್ಯಾಪ್ ಅಂತಾರ. ಹೆಸರು ಕೇಳಿ ಹೆದರಬ್ಯಾಡ್ರಿ. ಖೀಮಾ ನಡುವ ಇಡೂದು, ಎಲಿ ಬಾಜೂಕ ಇಡೂದು, ಚಟ್ನಿ-ಖಾರ ಸುತ್ತಲೂ ಇಡೂದು, ಆಮ್ಯಾಲ ಮಾಡಿದಾಕಿನೂ ಎಲ್ಲಾರ ಕೂಡ ಕೂಡೂದು. ಅವರವರ ಎಲಿ ಅವರವರ ತುಂಬಕೋಬೇಕು. ಬಡಸೂ ಕೆಲಸನ ಇಲ್ಲ.

ರೊಟ್ಟಿ ಮ್ಯಾಲ ನನಗ ಸಿಟ್ಟಿಲ್ಲ. ಜ್ವಾಳದ ರೊಟ್ಟಿ ಬಿಟ್ಟು ಎರಡ ದಿನ ಇರಾಕ ನನ್ನ ಕೈಲೆ ಆಗೂದಿಲ್ಲ. ಆದ್ರ ಐದಾರು ಮಂದಿ ಇರೋ ಮನ್ಯಾಗ ಇಪ್ಪತ್ತ ರೊಟ್ಟಿ ಬಡಿಯೂದು ಅಂದ್ರ ಒಂದ ತಾಸಿನ ಮ್ಯಾಲ ಹೆಂಚಿನ ಝಳದ ಮುಂದ ನಿಂದರೂದು. ಅದೂ ಮಸಾಲಿ ಅರದು, ಕೋಳಿ ಕುದಿಸಿ ಮುಗಿಸಿದ ಮ್ಯಾಲ. ಬ್ಯಾಸಗಿಯೊಳಗ ಅಡಗಿ ಮನಿಯಿಂದ ಹೊರಗ ಬರೂದರಾಗ ಹಸಿವು ಸತ್ತ ಹೋಗಿರತೈತಿ. "ಅಡಗಿ ಮಾಡಿದಾಕೀಗಿ ವಾಸನೀಗೆ ಹೊಟ್ಟಿ ತುಂಬತೈತಿ" ಅಂತ ನಮ್ಮ ಕಡೆ ಹೇಳತಾರಲ್ಲ, ಆ ಮಾತು ನನಗ ಸುತಾರಾಂ ಸೇರೂದಿಲ್ಲ. ವಾಸನೀಗೆ ಯಾರ ಹೊಟ್ಟಿನೂ ತುಂಬಂಗಿಲ್ಲ.

ಇನ್ನ ಈ ಊಟ ಎಲ್ಲಿಂದ ಬಂತು ಅನ್ನೂದು. ಇದರ ತವರುಮನಿ ಚೀನಾದ ದಕ್ಷಿಣದ ಕಡೆ, ಕ್ಯಾಂಟನೀಸ್ ಭಾಷಾ ಆಡೋ ಸೀಮಿ. ಅಲ್ಲಿ ಇದಕ್ಕ ಸಾಂಗ್ ಚೊಯ್ ಬಾವ್ ಅಂತಾರ. ಪಾರಿವಾಳದ ಮಾಂಸ ಸಣ್ಣಗ ಕೊಚ್ಚಿ, ಹುರದು, ಲೆಟಿಸ್ ಎಲ್ಯಾಗ ಇಟ್ಟು ಕೊಡೂದು ದೊಡ್ಡ ಊಟದ ಪದ್ಧತಿ. ಅವರ ಭಾಷಾದಾಗ ಲೆಟಿಸಿನ ಹೆಸರೂ "ಸಂಪತ್ತು ಹುಟ್ಟಲಿ" ಅನ್ನೋ ಮಾತೂ ಕಿವಿಗೆ ಒಂದ ಥರ ಕೇಳಸ್ತಾವ, ಅದಕ್ಕ ಹೊಸ ವರ್ಷದಾಗ ಲೆಟಿಸ್ ಶುಭ ಅಂತ ನಂಬತಾರ. ಸಿಂಹದ ವೇಷ ಹಾಕ್ಕೊಂಡು ಕುಣಿಯೂ ಮಂದಿ ಬಾಗಲಕ್ಕ ಕಟ್ಟಿದ ಲೆಟಿಸ್ ಕಿತ್ತು ಉಗ್ಗತಾರ. ನಮ್ಮ ಯುಗಾದಿ ಬೇವು-ಬೆಲ್ಲ ಇದ್ದಂಗ ಅನ್ನರಿ. ಪಾರಿವಾಳ ಹೋಗಿ ಕೋಳಿ ಬಂದದ್ದು, ಊರೂರಿಗೂ ಗೊತ್ತಾದದ್ದು ಅಮೆರಿಕದಾಗ. ಅಲ್ಲಿ 1993ರಾಗ ಸುರುವಾದ ಪಿ.ಎಫ್. ಚ್ಯಾಂಗ್ಸ್ ಅನ್ನೋ ಹೊಟೇಲಿನವರು ಇದನ್ನ ಮಾಡಿ ಮನಿಮಾತು ಮಾಡಿದ್ರು. ಕೊರಿಯಾದವರೂ ಎಲ್ಯಾಗ ಬಿಸಿ ಅನ್ನ, ಸುಟ್ಟ ಮಾಂಸ, ಖಾರದ ಚಟ್ನಿ ಇಟ್ಟು ಒಂದ ತುತ್ತಿನಾಗ ಬಾಯಿಗೆ ಹಾಕ್ಕೋತಾರ. ಅದಕ್ಕ ಅವರು ಸಾಮ್ ಅಂತಾರ.

"ಹಸಿ ಎಲಿ ತಿನ್ನಾಕ ನಾವೇನು ದನ ಏನ?" ಅಂತ ನಮ್ಮ ದೊಡ್ಡವ್ವ ಕೇಳಿದ್ಲು. ದೊಡ್ಡವ್ವನ ಮ್ಯಾಲ ನನಗ ಭಾಳ ಮರ್ಯಾದಿ, ಆದ್ರ ಈ ಮಾತು ಒಪ್ಪಾಂಗಿಲ್ಲ. ಹಕ್ಕರಕಿ ತಪ್ಪಲ ತೊಳದು ಹಸೇದನ ರೊಟ್ಟಿ ಕೂಡ ತಿನ್ನಾವರು ಯಾರು? ಎಳೀ ಮೆಂತ್ಯಾ, ಉಳ್ಳಾಗಡ್ಡಿ ತಪ್ಪಲ, ಮೂಲಂಗಿ, ಗಜ್ಜರಿ ಗಂಗಾಳದ ಬಾಜೂಕ ಇಟ್ಟು, ಮ್ಯಾಲ ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಉದರಿಸಿ, ಮೊಸರು ಸುರಕೊಂಡು ಉಣ್ಣಾವರು ನಾವನ. ಬೆಂಗಳೂರು, ಮೈಸೂರು ಕಡೆ ಮಂದಿ ನಮ್ಮ ಮನ್ಯಾಗ ಉಂಡಾಗ ಮೊದಲ ಕಣ್ಣ ಅರಳಿಸಿ ನೋಡೂದು ಈ ಹಸಿ ತಪ್ಪಲ. ಹಂಗಿದ್ದಾಗ ಲೆಟಿಸ್ ಒಂದ ಕಂಡ್ರ ಯಾಕ ಮುಖ ಗಂಟ ಹಾಕಬೇಕು?

ಇನ್ನೊಂದ ಮಾತೂ ಅದರ ಕೂಡನ ಹೇಳಿಬಿಡತೇನಿ. "ಅದು ನಮ್ಮದಲ್ಲ" ಅನ್ನಾವರ ಗಂಗಾಳದಾಗ ಮೆಣಸಿನಕಾಯಿ ಐತಿ, ಶೇಂಗಾ ಐತಿ, ಟೊಮ್ಯಾಟೊ ಐತಿ. ಮೂರೂ ಅಮೆರಿಕ ಖಂಡದ ಕಡೆಯಿಂದ ಬಂದದ್ದು. ಮೆಣಸಿನಕಾಯಿ ನಮ್ಮ ದೇಶಕ್ಕ ಕಾಲಿಟ್ಟದ್ದು 16ನೇ ಶತಮಾನದಾಗ, ಪೋರ್ಚುಗೀಸರ ಹಡಗಿನಾಗ. ಅದಕ್ಕೂ ಮೊದಲ ನಮ್ಮ ಅಜ್ಜಿಯರ ಅಜ್ಜಿಯರು ಖಾರಕ್ಕ ಹಾಕತಿದ್ದದ್ದು ಕರಿಮೆಣಸು. ಹೊಸಾ ಕಾಯಿ ಬಂದಾಗ ಅದಕ್ಕ ಹೆಸರು ಹುಡಕಾಕ ದೂರ ಹೋಗಲಿಲ್ಲ, ಮೆಣಸಿನ ಥರ ಉರಿಯೂ ಕಾಯಿ, ಮೆಣಸಿನಕಾಯಿ ಅಂದ್ರು. ಹಂಗ ಬಂದ ಪರದೇಶಿ ಕಾಯಿ ಇವತ್ತ ಬ್ಯಾಡಗಿ ಅನ್ನೋ ಊರಿನ ಹೆಸರನ್ನ ಜಗತ್ತಿಗೆ ಮುಟ್ಟಿಸೇತಿ.

ಈಗ ನಾ ನಿಜವಾಗಿ ಹೇಳಬೇಕಾದ ಮಾತಿಗೆ ಬಂದೆ. ಖಾರ.

ನಮ್ಮ ಕಡೆ ಖಾರ ಅಂದ್ರ ರುಚಿನೂ ಹೌದು, ಡಬ್ಯಾಗಿನ ಪುಡಿನೂ ಹೌದು. ಬ್ಯಾಸಗಿ ಬಂತಂದ್ರ ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಹಾಕಿ, ತುಂಬ ಮುರದು, ಮಸಾಲಿ ಹುರದು, ವರ್ಷಕ್ಕಾಗೂವಷ್ಟು ಖಾರ ಕುಟ್ಟಿಸಿಕೊಂಡ ಬರೂದು. ಆ ಹೊತ್ತಿನಾಗ ಮನ್ಯಾಗ ಒಂದ ಸಣ್ಣ ಜಗಳ ಇದ್ದದ್ದ. ಬ್ಯಾಡಗಿ ಎಷ್ಟ, ಗುಂಟೂರು ಎಷ್ಟ? ಬ್ಯಾಡಗಿ ಹೆಚ್ಚಿದ್ರ ಬಣ್ಣ, ಗುಂಟೂರು ಹೆಚ್ಚಿದ್ರ ಉರಿ. ಈ ಲೆಕ್ಕ ಮನ್ಯಾಗ ಯಾರ ನಾಲಿಗಿ ನೋಡಿ ಆಗತೈತಿ ಅಂತ ಒಮ್ಮೆ ವಿಚಾರ ಮಾಡ್ರಿ. ಸಾವಜಿ ಖಾನಾವಳಿಯೊಳಗ ಬೆವರು ಒರಸಿಕೋತ ಉಣ್ಣೂ ನಾಲಿಗಿ ಒಂದ ಇರತೈತಿ, ವರ್ಷಪೂರ್ತಿ ಖಾರ ಅದರ ಅಳತಿಗೆ ಕುಟ್ಟತೀವಿ. ಹೊಟ್ಟಿ ಉರಿ ಇರೋ ಅತ್ತಿ ಮೊಸರನ್ನ ಕಲಸಿಕೊಂಡು ಸುಮ್ಮನಾಗತಾಳ. ಸಣ್ಣ ಹುಡುಗ್ರು ತುಂಡು ನೀರಾಗ ತೊಳದು ತಿಂತಾವ. ಖಾರ ತಿನ್ನಾಂವ ಒಬ್ಬಾಂವ, ಒಗ್ಗರಣಿ ಘಾಟಿಗೆ ಕೆಮ್ಮಾಕಿ ಇನ್ನೊಬ್ಬಾಕಿ. ಖಾರ ತಿಂದ್ರ ಗಂಡಸು, ಸಪ್ಪಗ ತಿಂದ್ರ ಬ್ಯಾನಿ ಬಿದ್ದಾಂವ ಅನ್ನೋ ಮಾತು ಯಾರ ಕಟ್ಟಿದ್ರೋ ಏನೋ!

ಎಲ್ಯಾಗಿನ ಊಟ ಈ ಜಗಳಾನ ಬಗೀಹರಸತೈತಿ. ಖೀಮಾ ಎಲ್ಲಾರೂ ತಿನ್ನೂವಷ್ಟ ಹಗೂರ ಮಾಡೂದು, ಉರಿಯನ್ನ ಬ್ಯಾರೆ ಬಟ್ಟಲದಾಗ ಇಡೂದು. ಹಗೂರ ಅಂದ್ರ ಸಪ್ಪಗ ಅಲ್ಲ. ಮೆಣಸಿನಕಾಯಿ ಒಂದ ಕೆಲಸ ಮಾಡೂದಿಲ್ಲ, ಮೂರ ಕೆಲಸ ಮಾಡತೈತಿ: ಬಣ್ಣ ಕೊಡತೈತಿ, ವಾಸನಿ-ಸಿಹಿ ಕೊಡತೈತಿ, ಉರಿ ಕೊಡತೈತಿ. ನಾವು ಮೂರನ್ನೂ ಒಂದ ಚಮಚ ಪುಡಿ ಮ್ಯಾಲ ಹಾಕಿ ಕೂತೀವಿ.

ಬಣ್ಣಕ್ಕ ಬ್ಯಾಡಗಿ. ಡಬ್ಬಿ ಅಂತ ಒಂದ ಜಾತಿ, ಕಡ್ಡಿ ಅಂತ ಒಂದ ಜಾತಿ; ಗಿಡ್ಡಕ, ದಪ್ಪಕ, ಸುಕ್ಕುಗಟ್ಟಿದ ಡಬ್ಬಿ ಸಿಕ್ಕರ ಬಿಡಬ್ಯಾಡ್ರಿ, ಅದರಾಗ ಬಣ್ಣ ಹೆಚ್ಚು, ಉರಿ ಕಡಿಮಿ. 2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕೇತಿ. ಇದರ ಎಣ್ಣಿ ತಗದು ಲಿಪ್‌ಸ್ಟಿಕ್ಕಿಗೂ ಉಗುರ ಬಣ್ಣಕ್ಕೂ ಹಾಕತಾರ ಅಂದ್ರ ಅದರ ಕೆಂಪು ಎಂಥಾದ್ದಿರಬೇಕು ನೋಡ್ರಿ. ಐದಾರು ಕಾಯಿ ಮುರದು, ಬೀಜ ಉದರಿಸಿ, ಬಿಸಿ ನೀರಾಗ ಅರ್ಧ ತಾಸು ನೆನಸಿ ನುಣ್ಣಗ ರುಬ್ಬಿದ್ರ ಸಾಕು, ಖೀಮಾ ನೋಡಿದ್ರ ಬೆಂಕಿ, ತಿಂದ್ರ ತಂಪು.

ಸಿಹಿಗೆ ದೊಣ್ಣಮೆಣಸಿನಕಾಯಿ. ಹಸರು, ಹಳದಿ, ಕೆಂಪು ಅಂತ ಅಂಗಡ್ಯಾಗ ಬ್ಯಾರೆ ಬ್ಯಾರೆ ರೊಕ್ಕ ಹೇಳತಾರಲ್ಲ, ಕೆಂಪು ಅಂದ್ರ ಮತ್ತೇನಲ್ಲ, ಗಿಡದಾಗ ಪೂರ್ತಿ ಹಣ್ಣಾದದ್ದು. ಹಸರು ಇನ್ನೂ ಕಾಯಿ, ಅದಕ್ಕ ಸ್ವಲ್ಪ ಒಗರು. ಹಣ್ಣಾದದ್ದರಾಗ ಸಿಹಿ ಹೆಚ್ಚು, ಸಿ ಜೀವಸತ್ವನೂ ಹೆಚ್ಚು. ತುಟ್ಟಿ ಆಗತೈತಿ ಅಂದ್ರ ಒಂದ ಕೆಂಪು, ಒಂದ ಹಸರು ತಗೊಳ್ರಿ. ಮೂರೂ ಬಣ್ಣ ಬೇಕು ಅನ್ನೂದು ಫೋಟೊ ತಗಿಯಾವರ ಹಟ. ದೊಣ್ಣಮೆಣಸಿನಕಾಯ್ಯಾಗ ಉರಿ ಅನ್ನೂದು ಇಲ್ಲನ ಇಲ್ಲ. 1912ರಾಗ ವಿಲ್ಬರ್ ಸ್ಕೋವಿಲ್ ಅನ್ನೋ ಅಮೆರಿಕದ ಔಷಧ ತಜ್ಞ ಖಾರ ಅಳಿಯಾಕ ಒಂದ ಲೆಕ್ಕ ಹಾಕಿದ. ಮೆಣಸಿನಕಾಯಿ ರಸಕ್ಕ ಸಕ್ಕರಿ ನೀರು ಬೆರಸ್ಕೋತ ಹೋಗೂದು, ನಾಲಿಗಿಗೆ ಉರಿ ಹತ್ತೂದು ನಿಂತಾಗ ಎಷ್ಟ ಪಟ್ಟು ಬೆರಸಿದ್ರು ಅನ್ನೂದ ಅದರ ಖಾರದ ಅಂಕಿ. ಆ ಲೆಕ್ಕದಾಗ ದೊಣ್ಣಮೆಣಸಿನಕಾಯಿಗೆ ಸೊನ್ನಿ, ಅಮೆರಿಕದವರು ಉಣ್ಣೂ ಹಲಪೀನೊಗೆ 2,500ರಿಂದ 8,000.

ಉರಿಗೆ ಹಸಿಮೆಣಸಿನಕಾಯಿ, ಇಲ್ಲಾ ಗುಂಟೂರು. ಉರಿ ಬೀಜದಾಗ ಇರತೈತಿ ಅಂತ ಎಲ್ಲಾರೂ ಹೇಳತಾರ. ಬೀಜದಾಗ ಅಲ್ಲ, ಬೀಜ ಹತಗೊಂಡಿರೋ ಬೆಳ್ಳಗಿನ ತಿರುಳಿನಾಗ. ಅದನ್ನ ಚಮಚದ ತುದಿಯಿಂದ ಕೆರದು ತಗದ್ರ ಅದ ಕಾಯಿಯ ವಾಸನಿ ಉಳಿತೈತಿ, ಉರಿ ಅರ್ಧಕ್ಕಿಂತ ಇಳಿತೈತಿ. ಕೈ ಉರದ್ರ ಬರೇ ನೀರಾಗ ತೊಳಿಬ್ಯಾಡ್ರಿ, ಆ ಖಾರ ನೀರಾಗ ಕರಗೂದಿಲ್ಲ, ಎಣ್ಣಿಯೊಳಗ ಕರಗತೈತಿ. ಮೊದಲ ಸ್ವಲ್ಪ ಎಣ್ಣಿ ತಿಕ್ಕಿ, ಆಮ್ಯಾಲ ಸಾಬಾಣ ಹಚ್ಚರಿ. ಬಾಯಿ ಉರದ್ರೂ ಅಷ್ಟ, ತಂಬಿಗಿ ನೀರು ಕುಡದ್ರ ಉರಿ ಬಾಯಿತುಂಬ ಹರಡತೈತಿ. ಹಾಲು, ಮಜ್ಜಿಗಿ ಕುಡದ್ರ ಇಳಿತೈತಿ. ನಮ್ಮ ಹಿರ್ಯಾರು ಖಾರದ ಊಟದ ಕಡೀಕ ಮಜ್ಜಿಗಿ ಇಟ್ಟದ್ದು ಸುಮ್ಮನ ಅಲ್ಲ.

ಇನ್ನ ಮಾಡೂ ರೀತಿ. ಐದ ಮಂದಿಗೆ ಅರ್ಧ ಕಿಲೋ ಖೀಮಾ ಸಾಕು. ಅಂಗಡ್ಯಾಂವಗ ಎದಿ ತುಂಡಿಂದ ಬ್ಯಾಡ, ತೊಡಿ ತುಂಡಿಂದ ಖೀಮಾ ಮಾಡಿ ಕೊಡು ಅಂತ ಮೊದಲ ಹೇಳ್ರಿ. ಎದಿ ಮಾಂಸ ಹುರದ್ರ ಮರಳ ಮರಳ ಆಗತೈತಿ. ಮನಿಗೆ ತಂದ ಮ್ಯಾಲ ಕೋಳಿ ಮುಟ್ಟೂಕಿಂತ ಮೊದಲ ಎಲಿ, ತಪ್ಪಲ, ಸವತಿಕಾಯಿ ಎಲ್ಲಾ ತೊಳದು ಹೆಚ್ಚಿ ಬಾಜೂಕ ಇಡ್ರಿ. ಹಸಿ ಕೋಳಿ ಮುಟ್ಟಿದ ಈಳಿಗಿ, ಮಣಿ, ಕೈ, ಯಾವುದೂ ಎಲಿಗೆ ತಾಗಬಾರದು. ಎಲಿ ನಾವು ಕುದಸಂಗಿಲ್ಲ, ಹಸೇದನ ತಿಂತೀವಿ, ಅದಕ್ಕ ಈ ಒಂದ ಮಾತಿನಾಗ ಮಾತ್ರ ಯಾರಿಗೂ ರಿಯಾಯ್ತಿ ಇಲ್ಲ.

ಅಗಲ ಬಾಣಲಿ ಚಲೋತ್ನಂಗ ಕಾಸಿ, ಎರಡ ಚಮಚ ಶೇಂಗಾ ಎಣ್ಣಿ ಹಾಕಿ, ಎಂಟ-ಹತ್ತ ಎಸಳು ಬಳ್ಳೊಳ್ಳಿ, ಹೆಬ್ಬೆರಳಿನಷ್ಟು ಹಸಿಶುಂಠಿ ಕೊಚ್ಚಿ ಹಾಕ್ರಿ. ಎರಡ ಉಳ್ಳಾಗಡ್ಡಿ ಬಾಡಿದ ಮ್ಯಾಲ ಖೀಮಾ ಹಾಕಿ ಉರಿ ಜೋರ ಇಡ್ರಿ. ಸಣ್ಣ ಉರಿಯೊಳಗ ಇಟ್ರ ಕೋಳಿ ನೀರ ಬಿಟ್ಟು ಬೇಯತೈತಿ, ಹುರಿಯೂದಿಲ್ಲ. ಗಂಟ ಒಡದು ತಿರವ್ಯಾಡಿ, ಎಲ್ಲೂ ಗುಲಾಬಿ ಬಣ್ಣ ಉಳಿಯದಂಗ ಬೆಂದ ಮ್ಯಾಲ ರುಬ್ಬಿದ ಬ್ಯಾಡಗಿ ಹಾಕಿ ಹಸಿ ವಾಸನಿ ಹೋಗೂತನಕ ಹುರೀರಿ. ಒಂದ ದೊಡ್ಡ ಚಮಚ ಸೋಯಾ ಸಾಸ್, ಅಡಕಿಯಷ್ಟು ಬೆಲ್ಲ. ಸಾಸಿನಾಗ ಉಪ್ಪು ಭಾಳ ಇರತೈತಿ, ಅದಕ್ಕ ಬ್ಯಾರೆ ಉಪ್ಪು ರುಚಿ ನೋಡಿ ಕಡೀಕ ಹಾಕ್ರಿ. ಸೋಯಾ ಸಾಸ್ ಮನ್ಯಾಗ ಇಲ್ಲಂದ್ರ ಅದರ ಸಲುವಾಗಿ ಪ್ಯಾಟಿಗೆ ಓಡೂದ ಬ್ಯಾಡ, ಹುಂಚಿಹಣ್ಣಿನ ರಸ ಎರಡ ಚಮಚ ಹಾಕ್ರಿ, ಚೀನಾದ ರುಚಿ ಬರಂಗಿಲ್ಲ, ನಮ್ಮ ರುಚಿ ಬರತೈತಿ. ಸಣ್ಣಗ ಹೆಚ್ಚಿದ ದೊಣ್ಣಮೆಣಸಿನಕಾಯಿ ಒಲಿ ಆರಸಾಕ ಎರಡ ನಿಮಿಷ ಇದ್ದಾಗ ಹಾಕೂದು. ಅದು ಕರುಮ್ ಅನ್ನಬೇಕು, ಮೆತ್ತಗಾದ್ರ ಕೆಲಸ ಕೆಟ್ಟಂಗ. ಇಳಿಸಿ ಅರ್ಧ ನಿಂಬಿಹಣ್ಣು ಹಿಂಡಿ, ಕೊತಂಬರಿ, ಜಜ್ಜಿದ ಹುರದ ಶೇಂಗಾ ಉದರಸ್ರಿ. ಎಸರು ಅನ್ನೂದು ಒಂದ ಹನಿ ಇರಬಾರದು, ಇದ್ರ ಎಲಿ ಹರದು ಮೊಣಕೈ ತನಕ ಸೋರತೈತಿ. ಹತ್ತ ನಿಮಿಷ ಆರಾಕ ಬಿಡ್ರಿ, ಸುಡು ಸುಡು ಹಾಕಿದ್ರ ಎಲಿ ಬಾಡತೈತಿ.

ಎಲಿ ವಿಚಾರ. ದುಂಡನ ಐಸ್‌ಬರ್ಗ್ ಸಿಕ್ಕರ ಬುಡ ಕೊರದು ತಗದು, ಆ ತೂತಿನಾಗ ನಳದ ನೀರು ಬಿಡ್ರಿ, ಎಲಿ ಹರೀದಂಗ ಒಂದೊಂದ ಬಟ್ಟಲದಂಗ ಬಿಚ್ಚತಾವ. ಮ್ಯಾಲಿನ ಎರಡ ಎಲಿ ಚೆಲ್ಲಿಬಿಡ್ರಿ. ಉಳದದ್ದು ಹರಿಯೂ ನೀರಾಗ ತೊಳದು, ಒಗದ ಅರಬಿ ಮ್ಯಾಲ ಹಾಸಿ ಒಣಗಸ್ರಿ, ಹಸಿ ಇದ್ರ ಖೀಮಾ ಜಾರತೈತಿ. ಮಳಿಗಾಲದಾಗ ಹಸಿ ಎಲಿ ನನಗ ಧೈರ್ಯ ಸಾಲಂಗಿಲ್ಲ. ಆಗ ಕ್ಯಾಬೇಜ್ ಎಲಿ ಕುದಿಯೂ ನೀರಾಗ ಒಂದ ನಿಮಿಷ ಅದ್ದಿ ತಗದು, ದಪ್ಪನ ನಡುನರ ಕೊಯ್ದು ಸುತ್ತತೇನಿ. ಖರೆ ಹೇಳಬೇಕಂದ್ರ ಕ್ಯಾಬೇಜಿನಾಗ ರುಚಿ ಹೆಚ್ಚು, ರೊಕ್ಕ ಕಡಿಮಿ, ಎಲ್ಲಾ ಸಂತಿಯಾಗೂ ಸಿಗತೈತಿ. ಲೆಟಿಸ್ ಬೇಕ ಬೇಕು ಅನ್ನೂದು ಹೆಸರಿನ ಮೋಹ ಅಷ್ಟ.

ಸುತ್ತಲೂ ಬಟ್ಟಲ ಜೋಡಸ್ರಿ. ಒಂದರಾಗ ಕೆಂಪ ರಂಜಕ, ಒಂದರಾಗ ಉಪ್ಪು ಹಾಕಿ ಜಜ್ಜಿದ ಹಸಿಮೆಣಸಿನಕಾಯಿ, ಒಂದರಾಗ ಶೇಂಗಾ ಚಟ್ನಿ, ಒಂದರಾಗ ಗಟ್ಟಿ ಮೊಸರು, ಮತ್ತ ಸವತಿಕಾಯಿ, ಉಳ್ಳಾಗಡ್ಡಿ ತಪ್ಪಲ, ಮೂಲಂಗಿ ಎಳಿ ಎಳಿ ಹೆಚ್ಚಿದ್ದು. ಸಾವಜಿ ನಾಲಿಗಿಯಾಂವ ರಂಜಕ ಎರಡ ಚಮಚ ಹಾಕ್ಕೊಳ್ಳಲಿ, ಯಾರೂ ಬ್ಯಾಡ ಅನ್ನೂದಿಲ್ಲ. ಅತ್ತಿ ಮೊಸರು ಹಾಕ್ಕೋತಾಳ. ಹುಡುಗ್ರಿಗೆ ಸುತ್ತೂದ ಒಂದ ಆಟ. ಅಡಗಿ ಒಂದ, ನಾಲಿಗಿ ಐದ, ಮತ್ತ "ಇವತ್ತ ಖಾರ ಕಡಿಮಿ ಆತು ನೋಡು" ಅನ್ನೋ ಮಾತು ಮಾಡಿದಾಕಿ ಕಿವಿಗೆ ಬೀಳಂಗಿಲ್ಲ.

"ಇದರಿಂದ ಹೊಟ್ಟಿ ತುಂಬತೈತೇನ?" ಅಂತ ವೈನಿ ಫೋನ್ ಮಾಡಿ ಕೇಳಿದ್ರು. ಹೊಲದಾಗ ದುಡದು ಬಂದಾವರಿಗೆ ತುಂಬಂಗಿಲ್ಲ, ಅದು ಖರೆ. ಅವರಿಗೆ ಕೊರಿಯಾದವರಂಗ ಎಲ್ಯಾಗ ಖೀಮಾದ ಕೆಳಗ ಒಂದ ಹಿಡಿ ಬಿಸಿ ಅನ್ನ ಇಟ್ಟು ಕೊಡ್ರಿ. ಇಲ್ಲಾ ಡಬ್ಯಾಗಿನ ಖಡಕ್ ರೊಟ್ಟಿ ಮುರದು ಮ್ಯಾಲ ಉದರಸ್ರಿ. ಅದರ ಕಟುಂ ಕಟುಂ ಸಪ್ಪಳ ಯಾವ ಹೊಟೇಲಿನ ರ್ಯಾಪಿನಾಗೂ ಬರಂಗಿಲ್ಲ. ಖಡಕ್ ರೊಟ್ಟಿ ಮೊದಲ ಮಾಡಿಟ್ಟದ್ದು, ಅದಕ್ಕ ಯಾರೂ ಹೆಂಚಿನ ಮುಂದ ನಿಂದರೂದ ಬ್ಯಾಡ.

ಮತ್ತ ಇನ್ನೊಂದ ತಕರಾರು ಬರತೈತಿ: "ಬಡಸಾವರ ಇಲ್ಲದ ಊಟ ಎಂಥಾ ಊಟ? ಬೀಗರು ಬಂದ್ರ ಏನಂತಾರ?" ಬೀಗರು ಬಂದಾಗ ಮಾಡಬ್ಯಾಡ್ರಿ. ಅವತ್ತ ಎಸರು-ರೊಟ್ಟಿ ಮಾಡಿ, ನಿಂತು ಬಡಸ್ರಿ, ಅದಕ್ಕ ಅದರದ ಚಂದ ಐತಿ. ನಾ ಹೇಳಾಕತ್ತಿದ್ದು ಮನಿ ಮಂದಿ ಅಷ್ಟ ಇರೋ ಐತವಾರದ ಮಾತು. ಮನಿ ಮಂದಿಗೆ ಎರಡೂ ಕೈ ಅದಾವ, ಎಲಿ ಮುಟ್ಟಿದ್ರ ಸವಿಯೂದಿಲ್ಲ. ನಮ್ಮ ಮನ್ಯಾಗ ಮೊದಲನೇ ಸಲ ಗಂಡಸರು ಗಂಗಾಳ ಮುಂದ ಇಟಗೊಂಡು ಕೂತು, ಯಾರಾದ್ರೂ ಸುತ್ತಿ ಕೊಡತಾರೇನು ಅಂತ ನೋಡಿದ್ರು. ಕೊಡಲಿಲ್ಲ. ಐದ ನಿಮಿಷದಾಗ ಕಲತ್ರು.

ಖೀಮಾ ಉಳದ್ರ ಅವತ್ತ ಫ್ರಿಜ್ಜಿನಾಗ ಇಟ್ಟು, ಮರುದಿನ ಮುಂಜಾನೆ ಹಬೆ ಏಳೂವಂಗ ಬಿಸಿ ಮಾಡಿ, ಎರಡ ತತ್ತಿ ಒಡದು ಹಾಕಿ ತಿರವ್ರಿ, ಚಪಾತಿಗೆ ಸಾಲತೈತಿ. ಉಳದ ಎಲಿ ಮಾತ್ರ ಇಡಬ್ಯಾಡ್ರಿ, ಸಂಜೀಕನ ಸಣ್ಣಗ ಹೆಚ್ಚಿ ಹೆಸರಬ್ಯಾಳಿ ಕೋಸಂಬ್ರಿಗೆ ಹಾಕ್ರಿ. ನೀವು ಕ್ಯಾಬೇಜಿನಾಗ ಮಾಡಿದ್ರೋ ಲೆಟಿಸಿನಾಗ ಮಾಡಿದ್ರೋ, ರಂಜಕದ ಬಟ್ಟಲ ಮೊದಲ ಖಾಲಿ ಮಾಡಿದಾಂವ ಯಾರು, ಅದನ್ನ ನನಗ ತಿಳಸ್ರಿ.